ಕೃತಿಚೌರ್ಯವೂ ಸಂಪಾದಕನ ವಿವೇಚನೆಯೂ

ಪರಧನವನ್ನು ಅಪಹರಿಸಿದವನನ್ನು ಕಳ್ಳನೆಂದು ಕರೆಯಲು ನಾವು ಹಿಂದೆಮುಂದೆ ನೋಡುವುದಿಲ್ಲ. ಆದರೆ ಪರರ ಬರಹವನ್ನು ತನ್ನದೆಂದು ಅಚ್ಚು ಹಾಕಿಸಿದವನ ವಿಷಯದಲ್ಲಿ ನಮ್ಮ ನಾಲಗೆ ಮೃದುವಾಗುತ್ತದೆ. ಒಳ್ಳೆಯ ವಿಚಾರವನ್ನು ಯಾರು ಹೇಳಿದರೇನು, ನಾಲ್ಕು ಜನಕ್ಕೆ ತಲುಪಿದರಾಯಿತು ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಈ ಸಮಾಧಾನವು ಸರಿಯೇ? ವಾಚಕ ಮಹಾಶಯರು ತುಸು ಆಲೋಚಿಸಬೇಕು.

ವಿಚಾರವು ಯಾರೊಬ್ಬರ ಸ್ವತ್ತೂ ಅಲ್ಲವೆಂಬುದು ನಿಜ. ಆದರೆ ಬರಹವು ಕಾಯಕದ ಫಲ. ಹಳೇ ಹುಬ್ಬಳ್ಳಿಯ ನೇಕಾರನು ತಾನು ನೇಯ್ದ ಸೀರೆಯನ್ನು ಮಾರುತ್ತಾನೆ. ಕೊಂಡವರು ಅದನ್ನು ಉಡಬಹುದು, ಉಡುಗೊರೆಯಾಗಿ ಕೊಡಬಹುದು. ತಾವೇ ನೇಯ್ದೆವೆಂದು ಹೇಳಲಾಗದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮೂ ಇದನ್ನೇ ಒಪ್ಪುತ್ತದೆ. ಲೇಖಕನು ತನ್ನ ಹಕ್ಕನ್ನು ಬೇರೊಬ್ಬರಿಗೆ ಮಾರಿದ ಮೇಲೂ ಆ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಅಧಿಕಾರವು ಅವನಲ್ಲಿಯೇ ಉಳಿಯುತ್ತದೆ.

ಈ ಸೂಕ್ಷ್ಮವನ್ನು ನಮ್ಮ ನಾಡು ಅಂಕಿತದ ಮೂಲಕ ಬಹು ಹಿಂದೆಯೇ ಅರಿತಿತ್ತು. ಶರಣರು ವಚನಕ್ಕೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನಿಟ್ಟರು. ಅಹಂಕಾರವು ಅಳಿಯಿತು, ಗುರುತು ಅಳಿಯಲಿಲ್ಲ. ‘ಗುಹೇಶ್ವರ’ ಎಂದೊಡನೆ ಅಲ್ಲಮಪ್ರಭುಗಳು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕ ನೆನಪಾಗುತ್ತಾರೆ. ಧಾರವಾಡದಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ತಾಡವಾಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಾಗ, ಯಾವ ವಚನ ಯಾರದೆಂದು ತಿಳಿಯಲು ಅಂಕಿತವೇ ಪ್ರಧಾನ ಆಧಾರವಾಯಿತು. ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ನಾಡು ಕಳವಳಗೊಂಡುದು ಇದಕ್ಕಾಗಿಯೇ. 1998ರಲ್ಲಿ ರಾಜ್ಯ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಅದು ಕಳವಲ್ಲ, ಬದಲಾವಣೆ. ಆದರೂ ಗುರುತಿನ ಮೇಲೆ ಕೈಯಿಡುವುದು ಎಷ್ಟು ಗಂಭೀರವೆಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಕದ್ದ ಲೇಖನವು ತನ್ನ ಮುಂದೆ ಬಂದಾಗ ಸಂಪಾದಕನು ಮಾಡಬೇಕಾದುದೇನು? ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ಆಧಾರವನ್ನು ಹೇಳಬೇಕೆಂಬುದನ್ನೇ ಅರಿಯದ ವಿದ್ಯಾರ್ಥಿ ಬೇರೆ, ಅರಿತೂ ಹೆಸರನ್ನು ಅಳಿಸಿದ ಪಂಡಿತ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ರೂಪಿಸಿದ ನಿಯಮಗಳಲ್ಲಿ ಪ್ರಬಂಧಗಳಿಗೆ ಹಂತಹಂತವಾದ ದಂಡನೆಯಿದೆ. ಸಾಮ್ಯವು ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗೆ ಇದ್ದರೆ ತಿದ್ದಿ ಒಪ್ಪಿಸಬೇಕು. 60ನ್ನು ಮೀರಿದರೆ ನೋಂದಣಿಯೇ ರದ್ದು. ಆದರೆ ಶೇಕಡಾವಾರು ಲೆಕ್ಕವು ಪದಗಳನ್ನು ಎಣಿಸುತ್ತದೆಯೇ ಹೊರತು ಮನಸ್ಸನ್ನು ಅಳೆಯುವುದಿಲ್ಲ. ಆ ಕೆಲಸಕ್ಕೆ ವಿವೇಚನೆಯೇ ಬೇಕು. ಆಪಾದಿತನ ಮಾತನ್ನು ಮೊದಲು ಕೇಳಬೇಕು. ಎರಡು ಬರಹಗಳನ್ನೂ ಎದುರಿಗಿಟ್ಟು ನೋಡಬೇಕು. ಪತ್ರಮುಖೇನ ತಿದ್ದಬಹುದಾದವನನ್ನು ಬಹಿರಂಗವಾಗಿ ಅವಮಾನಿಸಬಾರದು.

ಆದರೆ ಈ ವಿವೇಚನೆಗೂ ಒಂದು ಮೇರೆಯುಂಟು. ಓಣಿಯ ಬಡ ಹುಡುಗನು ಕದ್ದರೆ ಚೌರ್ಯವೆಂದೂ, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುವವರು ಕದ್ದರೆ ಪ್ರಭಾವವೆಂದೂ ಕರೆಯುವುದು ವಿವೇಚನೆಯಲ್ಲ, ಪಕ್ಷಪಾತ. ಇನ್ನೊಂದು ಮಾತು. ನಾವು ಕಳ್ಳನ ಬಗ್ಗೆ ಯೋಚಿಸುವಷ್ಟು, ಕಳೆದುಕೊಂಡವನ ಬಗ್ಗೆ ಯೋಚಿಸುವುದಿಲ್ಲ. ತಪ್ಪು ಮಾಡಿದವನನ್ನು ಕ್ಷಮಿಸಿ, ವಿಷಯವನ್ನು ಅಲ್ಲಿಗೇ ಮುಚ್ಚಿಬಿಟ್ಟರೆ ನಮಗೆ ಔದಾರ್ಯದ ತೃಪ್ತಿ ದೊರೆಯುತ್ತದೆ. ಆದರೆ ಆ ಔದಾರ್ಯದ ಬೆಲೆಯನ್ನು ತೆತ್ತವನು ಮೂಲ ಲೇಖಕ. ಅವನ ಗಂಟನ್ನು ದಾನ ಮಾಡಲು ನಮಗಾರು ಅಧಿಕಾರ ಕೊಟ್ಟರು?

ಆದುದರಿಂದ ದಂಡನೆಯು ಹೆಚ್ಚೋ ಕಡಿಮೆಯೋ ಎಂಬುದು ಸಂಪಾದಕನ ವಿವೇಚನೆಗೆ ಬಿಟ್ಟದ್ದು. ಕರ್ತೃವಿನ ಹೆಸರನ್ನು ಅದೇ ಪತ್ರಿಕೆಯಲ್ಲಿ, ಓದುಗರ ಕಣ್ಣಿಗೆ ಬೀಳುವಂತೆ ಮರಳಿಸುವುದು ಮಾತ್ರ ಅವನ ಇಚ್ಛೆಗೆ ಬಿಟ್ಟದ್ದಲ್ಲ. ಅದು ತೀರಿಸಲೇಬೇಕಾದ ಋಣ. ಓದುಗರಾದ ನಾವೂ ಒಂದು ಒಳ್ಳೆಯ ಮಾತನ್ನು ಇತರರಿಗೆ ಹೇಳುವಾಗ, ಅದನ್ನು ಯಾರಿಂದ ಪಡೆದೆವೆಂಬುದನ್ನು ಕೂಡಿಯೇ ಹೇಳುವ ರೂಢಿಯನ್ನಿಟ್ಟುಕೊಳ್ಳೋಣ. ಸಂಪಾದಕನ ಅರ್ಧ ಕೆಲಸವು ಅಲ್ಲಿಯೇ ಹಗುರವಾಗುತ್ತದೆ.