ಹಗೇವಿನ ಲೆಕ್ಕ

2014ರ ಏಪ್ರಿಲ್. ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. 7ನೇ ತಾರೀಖು ಹಾರ್ಟ್‌ಬ್ಲೀಡ್ ಸುದ್ದಿ ಹೊರಬಿತ್ತು. ಆ ವಾರವೆಲ್ಲ ರಾತ್ರಿ ಕೂತು ಸರ್ವರ್ ಅಪ್‌ಡೇಟ್ ಮಾಡಿದ್ದೇ ಮಾಡಿದ್ದು. ಮುಂದೆ ಕೊಣ್ಣೂರಿಗೆ ಹೋದಾಗ ಅವ್ವ ಕೇಳಿದಳು, "ಅಂಥಾದ್ದ ಏನಾಗಿತ್ತೋ ತಮ್ಮಾ, ಫೋನ್ ಸೈತ ಎತ್ತಲಿಲ್ಲ?"

ಅವಳಿಗೆ ತಿಳಿಯೋ ಹಂಗ ಹೇಳಬೇಕಲ್ಲ, ಹಗೇವಿನ ಲೆಕ್ಕದಲ್ಲಿ ಹೇಳಿದೆ. ಊರವರೆಲ್ಲರ ಜೋಳ ಒಂದೇ ಹಗೇವಿನಲ್ಲಿದೆ ಅಂತ ತಿಳಿ. ಒಬ್ಬ ಬಂದು ಒಂದು ಸೇರು ಕೊಟ್ಟು, "ಅರವತ್ನಾಕು ಸೇರು ಕೊಟ್ಟೀನಿ, ಹೊಳ್ಳಿ ಕೊಡ್ರಿ" ಅಂತಾನೆ. ಕಾಯುವವನು ಅವನ ಮಾತು ನಂಬಿ ಅಷ್ಟೂ ಅಳೆದು ಕೊಡ್ತಾನೆ. ಒಂದು ಸೇರು ಅವನದು, ಉಳಿದದ್ದು ಮಂದೀದು.

ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿಯಲ್ಲಿ ಆದದ್ದು ಇದೇ. ಬ್ರೌಸರಿನ ಬೀಗದ ಗುರುತಿನ ಹಿಂದಿನ ಕೆಲಸವನ್ನು ಎಷ್ಟೋ ಸರ್ವರ್‌ಗಳಲ್ಲಿ ಅದೇ ಮಾಡುತ್ತದೆ. ಎರಡು ಯಂತ್ರಗಳು "ಇದ್ದೀಯಾ?" "ಇದ್ದೀನಿ" ಅಂತ ಕೇಳಿಕೊಳ್ಳೋ ಹಾರ್ಟ್‌ಬೀಟ್‌ನಲ್ಲಿ, ಬಂದ ಮಾತನ್ನೇ ವಾಪಸ್ ಕಳಿಸಬೇಕು. ಮಾತಿನ ಉದ್ದ ಎಷ್ಟು ಅಂತ ಕಳಿಸಿದವನೇ ಹೇಳ್ತಾನೆ. ಅದನ್ನು ತಾಳೆ ನೋಡೋ ಸಾಲು ಇರಲಿಲ್ಲ. ಸಿ ಭಾಷೆ ತಾನಾಗಿ ತಡೆಯೋದಿಲ್ಲ. ಹೀಗಾಗಿ ಒಂದು ಸಲಕ್ಕೆ 64 ಕೆಬಿ ತನಕ ಪಕ್ಕದ ಮೆಮೊರಿ ಹೊರಗೆ ಹೋಗ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿಯೂ ಇರಬಹುದು.

ಬರೆದವನು ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ. ಪರಿಶೀಲಿಸಿದವರ ಕಣ್ಣಿಗೂ ತಪ್ಪಿತು. 2012ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಎರಡು ವರ್ಷ ಹಾಗೇ ಇತ್ತು.

"ಅಳತಿ ಮಾಡಾಂವಂದ ತಪ್ಪ ಖರೆ," ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅವಂಗ ಪಗಾರ ಎಷ್ಟ ಕೊಡತಿದ್ರಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಆ ಯೋಜನೆಗೆ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಪೂರ್ತಿ ಸಮಯ ದುಡಿಯುವವರು ಒಬ್ಬರೇ. ಅದರ ಮೇಲೆ ಕೂತು ಪಗಾರ ಎಣಿಸುತ್ತಿದ್ದ ನಾನು ಒಂದು ಪೈಸೆ ಕೊಟ್ಟಿರಲಿಲ್ಲ, ಒಂದು ಸಾಲು ಓದಿರಲಿಲ್ಲ. ಆ ವಾರ ಬರೆದವನನ್ನು ಬೈದದ್ದು ಮಾತ್ರ ನೆನಪಿದೆ.

ಏನಾದರೂ ಆದರೆ ಕೊಟ್ಟವರು ಹೊಣೆಯಲ್ಲ ಅಂತ ಲೈಸೆನ್ಸಿನಲ್ಲೇ ಬರೆದಿದೆ. ಹಾಗಾದರೆ ಹೊಣೆ ಎಲ್ಲಿಗೆ ಹೋಯಿತು? ನನ್ನ ಲೆಕ್ಕದಲ್ಲಿ, ಪುಕ್ಕಟೆ ತಗೊಂಡು ದುಡ್ಡು ಮಾಡಿದವರ ಹತ್ರ ಬಂತು. ನಾನು ಓದಿದ್ದರೂ ಆ ತಪ್ಪು ಸಿಗ್ತಿರಲಿಲ್ಲ, ಒಪ್ತೀನಿ. ಆದರೆ ಓದೋ ಶಕ್ತಿ ಇದ್ದವರ ಹೊಟ್ಟೆಗೆ ಯಾರು ಹಾಕ್ತಾರೆ ಅಂತ ಕೇಳಬಹುದಿತ್ತು. ಎಲ್ಲರೂ ನೋಡಬಹುದು ಅನ್ನೋದನ್ನೇ ಯಾರೋ ನೋಡಿರ್ತಾರೆ ಅಂತ ನಂಬಿದ್ದೆವು. ದೊಡ್ಡ ಕಂಪನಿಗಳು ದುಡ್ಡು ಹಾಕಲು ಮುಂದೆ ಬಂದದ್ದೂ ರಕ್ತ ಹರಿದ ಮೇಲೆಯೇ.

ಈಗ ರಸ್ಟ್‌ನಂಥ ಭಾಷೆಗಳು ಅಳತೆಯನ್ನು ತಾವೇ ನೋಡಿಕೊಳ್ಳುತ್ತವೆ. ಒಳ್ಳೇದು. ಆದರೆ ಹಗೇವು ಕಾಯುವವನು ಉಂಡನೋ ಇಲ್ಲವೋ ಅನ್ನೋದನ್ನು ಯಾವ ಭಾಷೆಯೂ ನೋಡೋದಿಲ್ಲ.

ಮೊನ್ನೆ ನಮ್ಮ ಪ್ರಾಜೆಕ್ಟ್ ಬಳಸೋ ಲೈಬ್ರರಿಗಳ ಪಟ್ಟಿ ತೆಗೆದು, ಪ್ರತಿಯೊಂದರ ಮುಂದೆ ಕಾಯುವವರ ಹೆಸರು ಬರೆಯುತ್ತ ಕೂತೆ. ಎಷ್ಟೋ ಕಡೆ ಒಂದೇ ಹೆಸರು. ಅದರಲ್ಲಿ ಎರಡಕ್ಕೆ ತಿಂಗಳಾ ಸ್ವಲ್ಪ ದುಡ್ಡು ಕಳಿಸ್ತಿದ್ದೀನಿ. ನೀವೂ ನಿಮ್ಮ ಪಟ್ಟಿ ಒಮ್ಮೆ ತೆಗೆದು ನೋಡ್ರಿ.