ಮೆಟ್ಟಿಲ ಮೇಲೆ ಕುಳಿತವನು

ಅನ್ಯಾಯ ಕಂಡಾಗ ಬಾಯಿ ತೆರೆಯಬೇಕೆಂದು ಎಳೆಯರಿಗೆ ಕಲಿಸಲು ನಾವು ಗಾಂಧಿಯ ಕಥೆ ಹೇಳುತ್ತೇವೆ. ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದ ಬೊಳುವಾರು ಮಹಮದ್ ಕುಂಞಿ ಅದನ್ನು ಮಕ್ಕಳಿಗಾಗಿಯೇ ಬರೆದರು. ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು.

ಗಾಂಧಿಯ ಬದುಕನ್ನು ಓದುವ ಹುಡುಗ 1893ರ ಜೂನ್ 7ರ ರಾತ್ರಿಗೆ ತಲಪಿದಾಗ, ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡವನು ತಾನೇ ಎಂದುಕೊಳ್ಳುತ್ತಾನೆ. ದೂರು ಕೊಟ್ಟ ಬಿಳಿಯ ಪ್ರಯಾಣಿಕ ತಾನೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಅದೇ ಪ್ರಯಾಣದ ಮುಂದಿನ ಭಾಗ ನನ್ನನ್ನು ಹೆಚ್ಚು ಕಾಡುತ್ತದೆ. ಜೋಹಾನ್ಸ್‌ಬರ್ಗಿನತ್ತ ಹೋಗುವ ಕುದುರೆಗಾಡಿಯ ಬಿಳಿಯ ಮುಖ್ಯಸ್ಥ ಮೆಟ್ಟಿಲ ಮೇಲೆ ಕೊಳಕು ಗೋಣಿ ಹಾಸಿ, ಅಲ್ಲಿ ಕೂರು ಎಂದ. ಗಾಂಧಿ ಒಪ್ಪಲಿಲ್ಲ. ಹೊಡೆತ ಬಿತ್ತು. ಆಗ ಒಳಗಿದ್ದ ಕೆಲವು ಬಿಳಿಯ ಪ್ರಯಾಣಿಕರು, ಆತನ ತಪ್ಪೇನಿಲ್ಲ, ಬಿಟ್ಟುಬಿಡು ಎಂದು ತಡೆದರು. ಒಳ್ಳೆಯ ಕೆಲಸವೇ. ಆದರೆ ಗಾಂಧಿ ಬಿಟ್ಟ ಆ ಮೆಟ್ಟಿಲು ಖಾಲಿ ಉಳಿಯಲಿಲ್ಲ. ಗಾಡಿಯಲ್ಲಿದ್ದ ಆಫ್ರಿಕದ ಖೋಯಿ ಜನಾಂಗದ ಸೇವಕನನ್ನು ಅಲ್ಲಿ ಕೂರಿಸಿ, ಅವನ ಜಾಗದಲ್ಲಿ ಆ ಮುಖ್ಯಸ್ಥ ಕುಳಿತ. ಗಾಂಧಿಯೇ ತಮ್ಮ ಆತ್ಮಕಥೆಯಲ್ಲಿ ಇದನ್ನು ದಾಖಲಿಸಿದ್ದಾರೆ. ಸೇವಕನ ಹೆಸರಿಲ್ಲ. ಅವನ ಪರವಾಗಿ ಯಾರಾದರೂ ಮಾತಾಡಿದ್ದೂ ಅಲ್ಲಿಲ್ಲ. ಗಾಂಧಿಯನ್ನು ಸಣ್ಣವರನ್ನಾಗಿಸಲು ಇದನ್ನು ಹೇಳುತ್ತಿಲ್ಲ. ಆಗ ಅವರಿಗೆ ಇಪ್ಪತ್ತಮೂರು ವರ್ಷ, ಮೈಯೆಲ್ಲ ನೋವು.

ತನಗಾದ ಅವಮಾನಕ್ಕೆ ಸಿಡಿಯುವುದು ಮತ್ತು ನ್ಯಾಯಕ್ಕಾಗಿ ನಿಲ್ಲುವುದು ಒಂದೇ ಏನು? ಮುಸ್ಲಿಮ್ ಎಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದಿದ್ದರೆ ನಾವು ನೊಂದು ಮಾತಾಡುತ್ತೇವೆ, ಮಾತಾಡಲೂಬೇಕು. ನಮ್ಮ ಚರಂಡಿ ತೊಳೆಯಲು ಬಂದವನಿಗೆ ಯಾವ ಲೋಟದಲ್ಲಿ ನೀರು ಕೊಡುತ್ತೇವೆ ಎಂಬ ಪ್ರಶ್ನೆ ಬಂದಾಗ ಮಾತ್ರ ದನಿ ತಗ್ಗುತ್ತದೆ.

ನಮ್ಮ ಕರಾವಳಿಗೂ ಅಂಥದೊಂದು ಮೆಟ್ಟಿಲಿತ್ತು. ಅದರ ಹೆಸರು ಅಜಲು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು. ಇವನ್ನು ಹೆಸರಿಸಿ ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಅಷ್ಟು ಕಾಲ ಆ ಅನ್ನ ಕಲಸಿದ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರಲಿಲ್ಲವೇ? ಅವರೂ ರೈಲಿನ ಕಥೆ ಓದಿ ಕಣ್ಣೀರು ಹಾಕಿರಬಹುದು.

ಹದಿಹರೆಯದವರಿಗೆ ಇನ್ನೊಂದು ಕಾದಂಬರಿ ಬರುವುದಾದರೆ ಅದು ಅಂಥ ಮನೆಯಿಂದಲೇ ಶುರುವಾಗಲಿ: ಅಂಗಳದಲ್ಲಿ ಕೊರಗನೊಬ್ಬ ಕಾಯುತ್ತಿದ್ದಾನೆ, ಅಡುಗೆಮನೆಯಲ್ಲಿ ಅಜ್ಜಿ ಅನ್ನಕ್ಕೆ ಏನೋ ಬೆರೆಸುತ್ತಿದ್ದಾಳೆ, ಹನ್ನೆರಡರ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಅಜ್ಜಿಯೆಂದರೆ ಅವಳಿಗೆ ಪ್ರಾಣ.