ತೆರೆದಿಟ್ಟ ಬಾಗಿಲು: ವಿಶ್ವಾಸ ಹಂಚುವವರ ಹೊಣೆ

ತನಗೆ ಒಳಿತಾದದ್ದನ್ನು ಮನುಷ್ಯ ತನ್ನಲ್ಲೇ ಇಟ್ಟುಕೊಳ್ಳಲಾರ. ಬಹುಕಾಲದ ಕಾಯಿಲೆ ವಾಸಿಯಾದವನು ವೈದ್ಯರ ವಿಳಾಸವನ್ನು ಕೇಳದವರಿಗೂ ಹೇಳುತ್ತಾನೆ. ಒಳ್ಳೆಯ ಪುಸ್ತಕ ಓದಿದವನು ಗೆಳೆಯನ ಕೈಗೆ ಅದನ್ನು ತುರುಕುತ್ತಾನೆ. ಇದನ್ನು ನಾವು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅದೇ ಮನುಷ್ಯ ತನ್ನ ಬದುಕನ್ನೇ ಬದಲಿಸಿದ ವಿಶ್ವಾಸದ ಕುರಿತು ಬಾಯಿ ತೆರೆದರೆ ನಮ್ಮ ಹುಬ್ಬು ಮೇಲೇರುತ್ತದೆ. ಇವನ ಮಾತಿನ ಹಿಂದೆ ಏನೋ ಉದ್ದೇಶವಿರಬೇಕು ಎಂದು ಶಂಕಿಸುತ್ತೇವೆ. ಈ ಶಂಕೆ ಸಂಪೂರ್ಣ ನಿರಾಧಾರವೇ? ಅಥವಾ ಅದರಲ್ಲಿ ವಿಶ್ವಾಸಿಗಳೇ ಕುಳಿತು ಯೋಚಿಸಬೇಕಾದ ಸತ್ಯವೇನಾದರೂ ಇದೆಯೇ?

ಕ್ರೈಸ್ತ ಬದುಕಿನಲ್ಲಿ ಈ ಪ್ರಶ್ನೆ ಹೊರಗಿನಿಂದ ಬಂದದ್ದಲ್ಲ, ಅದರೊಳಗೇ ಇದೆ. ಆತ್ಮದ ಎಚ್ಚರ ಮತ್ತು ಆ ಎಚ್ಚರವನ್ನು ಇನ್ನೊಬ್ಬರಿಗೆ ತಿಳಿಸುವುದು ಅಲ್ಲಿ ಬೇರೆ ಬೇರೆ ಸಂಗತಿಗಳಲ್ಲ. ಸುವಾರ್ತೆ ಎಂಬ ಪದದಲ್ಲೇ ವಾರ್ತೆ ಇದೆ. ತಿಳಿಸದೆ ಇಟ್ಟುಕೊಂಡರೆ ಅದು ವಾರ್ತೆಯಾಗುವುದಿಲ್ಲ. ಹೀಗೆ ತಿಳಿಸುವವರನ್ನು ಕ್ರೈಸ್ತರು ಸಾಕ್ಷಿ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯ 'ಮಾರ್ಟಿಸ್' ಎಂಬ ಮಾತಿಗೆ ಮೂಲದಲ್ಲಿ ಸಾಕ್ಷಿ ಎಂದೇ ಅರ್ಥ. ನಂಬಿದ್ದಕ್ಕಾಗಿ ಪ್ರಾಣ ಕೊಟ್ಟವರಿಗೆ ಅದೇ ಹೆಸರು ಆಮೇಲೆ ಅಂಟಿಕೊಂಡಿತು. ಅರಬಿಯ 'ಶಹೀದ್' ಎಂಬ ಮಾತೂ ಇದೇ ಎರಡು ಅರ್ಥಗಳನ್ನು ಹೊತ್ತಿದೆ ಎಂಬುದನ್ನು ನಮ್ಮ ಓದುಗರು ಬಲ್ಲರು. ನ್ಯಾಯಾಲಯದಲ್ಲಿ ಸಾಕ್ಷಿಯ ಕೆಲಸವೇನು? ತಾನು ಕಂಡದ್ದನ್ನು ಕಂಡಂತೆ ಹೇಳುವುದು. ಕಾಣದ್ದನ್ನು ಹೇಳಿದರೆ ಅವನು ಸುಳ್ಳುಸಾಕ್ಷಿ. ಹಾಗೆಯೇ ತೀರ್ಪು ಕೊಡುವುದು ಅವನ ಕೆಲಸವಲ್ಲ. ಈ ಎರಡು ಮಿತಿಗಳನ್ನು ಇಟ್ಟುಕೊಂಡು ನೋಡಿದರೆ ವಿಶ್ವಾಸ ಹಂಚುವ ವಿಚಾರ ಬಹಳ ಮಟ್ಟಿಗೆ ತಿಳಿಯಾಗುತ್ತದೆ.

ಮೊದಲನೆಯ ಮಿತಿಗೆ ಜಾನ್ ವೆಸ್ಲಿಯ ಬದುಕು ಒಳ್ಳೆಯ ಉದಾಹರಣೆ. ವೆಸ್ಲಿ ಇಂಗ್ಲೆಂಡಿನ ಪಾದ್ರಿ, ಪಾದ್ರಿಯ ಮಗ, ಆಕ್ಸ್‌ಫರ್ಡಿನಲ್ಲಿ ಓದಿದ ವಿದ್ವಾಂಸ. 1735ರಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹಡಗು ಹತ್ತಿದ. ಅಲ್ಲಿನ ಮೂಲನಿವಾಸಿಗಳಿಗೆ ಕ್ರಿಸ್ತನನ್ನು ತಿಳಿಸಬೇಕೆಂಬುದು ಅವನ ಆಸೆ. ದಾರಿಯಲ್ಲಿ ಬಿರುಗಾಳಿ ಎದ್ದಾಗ ಪಾದ್ರಿ ಮರಣಭಯದಿಂದ ನಡುಗಿದ. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಪಂಥದ ಸಾಮಾನ್ಯ ಜನರು, ಹೆಂಗಸರು ಮಕ್ಕಳು ಸಹಿತ, ಶಾಂತವಾಗಿ ಹಾಡುತ್ತಿದ್ದರು. ತಾನು ಇತರರಿಗೆ ಕೊಡಲು ಹೊರಟ ವಸ್ತು ತನ್ನ ಬಳಿಯೇ ಇಲ್ಲ ಎಂಬ ಅರಿವು ಅವನನ್ನು ಕಾಡತೊಡಗಿತು. 1738ರಲ್ಲಿ ಸೋತು ಊರಿಗೆ ಮರಳಿದ. ಆ ವರ್ಷದ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಯಾರೋ ಓದುತ್ತಿದ್ದುದನ್ನು ಕೇಳುತ್ತಾ ಕುಳಿತಿದ್ದಾಗ ಅವನ ಒಳಗೆ ಏನೋ ಬೆಚ್ಚಗಾಯಿತು. ಆಮೇಲಿನ ಐವತ್ತು ವರ್ಷ ಅವನು ಬಯಲಲ್ಲಿ, ಗಣಿಗಳ ಬಳಿ, ಸಂತೆಗಳಲ್ಲಿ ನಿಂತು ಬಡವರೊಡನೆ ಮಾತಾಡಿದ. ಮೆಥಡಿಸ್ಟ್ ಪಂಥ ಹುಟ್ಟಿದ್ದು ಹೀಗೆ. ಮೊದಲು ಹಂಚಲು ಹೋಗಿ, ಆಮೇಲೆ ಎಚ್ಚರಗೊಂಡ ಮನುಷ್ಯ ಅವನು.

ಎರಡನೆಯ ಮಿತಿ ಇದಕ್ಕಿಂತ ಕಠಿಣವಾದದ್ದು. ಅದನ್ನು ಅರಿಯಲು ನಮ್ಮದೇ ಮಲೆನಾಡಿನ ಕಾಡಿನಲ್ಲಿ ಹುಟ್ಟಿದ ಒಬ್ಬ ಮಹಿಳೆಯ ಕಥೆಯನ್ನು ನೋಡಬೇಕು.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ಸಿಟ್ಟಿಗೆ ಗುರಿಯಾದವರು. ತಾಯಿಯಿಂದ ಮಗಳು ಕಲಿತಳು. ಪುರಾಣ ಹೇಳುತ್ತಾ ತೀರ್ಥದಿಂದ ತೀರ್ಥಕ್ಕೆ ಅಲೆದ ಈ ಕುಟುಂಬ ಕ್ಷಾಮಕ್ಕೆ ಸಿಲುಕಿ, ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣನೊಡನೆ ರಮಾಬಾಯಿ 1878ರಲ್ಲಿ ಕಲ್ಕತ್ತ ಸೇರಿದಾಗ ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನೂ ಹೋದ. ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ. ಇಪ್ಪತ್ತನಾಲ್ಕು ತುಂಬುವ ಮೊದಲೇ ಆಕೆ ಕೈಗೂಸಿನೊಡನೆ ವಿಧವೆ.

1883ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋದ ರಮಾಬಾಯಿ ಲಂಡನ್ನಿನಲ್ಲಿ ಒಂದು ಮನೆಯನ್ನು ನೋಡಿದರು. ಸಮಾಜ 'ಕೆಟ್ಟವರು' ಎಂದು ಹೊರದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ಆರೈಕೆ ಮಾಡುತ್ತಿದ್ದರು. ನೀವೇಕೆ ಇವರಿಗಾಗಿ ಇಷ್ಟು ಮಾಡುತ್ತೀರಿ ಎಂದು ಕೇಳಿದಾಗ ಆ ಸಹೋದರಿಯರು ಹೇಳಿದ್ದು ಯೇಸು ಮತ್ತು ಸಮಾರ್ಯದ ಸ್ತ್ರೀಯ ಕಥೆ. ಹೀಗೆ ರಮಾಬಾಯಿಯವರನ್ನು ಮುಟ್ಟಿದ್ದು ಮೊದಲು ಕೆಲಸ, ಆಮೇಲೆ ಮಾತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಆದರೆ ಅವರು ಬುದ್ಧಿಯನ್ನು ಬಾಗಿಲಲ್ಲಿ ಬಿಟ್ಟು ಒಳಹೋದವರಲ್ಲ. ತ್ರಿತ್ವ ಸಿದ್ಧಾಂತದ ಬಗ್ಗೆ ಪ್ರಶ್ನೆ ಎತ್ತಿದರು. ಶಿಲುಬೆಯ ಮೇಲಿನ ಲ್ಯಾಟಿನ್ ಅಕ್ಷರ ನಮ್ಮವರಿಗೆ ಅರ್ಥವಾಗುವುದಿಲ್ಲ, ಸಂಸ್ಕೃತವೇಕಾಗಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ. ಒಂದು ಪುರೋಹಿತಶಾಹಿಯ ನೊಗವನ್ನು ಕಷ್ಟಪಟ್ಟು ಇಳಿಸಿದವಳು ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬುದು ಅವರ ನಿಲುವಾಗಿತ್ತು. ತಮ್ಮನ್ನು ಪ್ರೀತಿಯಿಂದ ಸಾಕಿದವರೊಡನೆಯೇ ಈ ವಾದ ನಡೆಸಿದರು. ಉಪಕಾರ ಮಾಡಿದವರು ಅಂತಃಕರಣದ ಮೇಲೆ ಹಕ್ಕು ಸ್ಥಾಪಿಸಲು ಬಂದಾಗ ಎಷ್ಟು ನೋವಾಗುತ್ತದೆ ಎಂಬುದು ಅವರಿಗೆ ಸ್ವಾನುಭವದಿಂದ ಗೊತ್ತಿತ್ತು. ಈ ಮಾತನ್ನು ನೆನಪಿಡಬೇಕು, ಏಕೆಂದರೆ ಹತ್ತು ವರ್ಷಗಳ ಬಳಿಕ ಅವರೇ ಉಪಕಾರ ಮಾಡುವವರ ಸ್ಥಾನದಲ್ಲಿದ್ದರು.

ಅಮೆರಿಕದ ದಾನಿಗಳ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ 'ಶಾರದಾ ಸದನ' ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿ ಮತಬೋಧನೆ ಇರಕೂಡದು ಎಂಬುದು ಒಪ್ಪಂದ. ಹುಡುಗಿಯರು ತಮ್ಮ ಜಾತಿಯ ಆಚಾರ, ಅಡುಗೆ, ಪೂಜೆಗಳನ್ನು ಉಳಿಸಿಕೊಳ್ಳಬಹುದಿತ್ತು. ರಾನಡೆ, ಭಂಡಾರ್ಕರ್‌ರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು.

ಈ ನಡುವೆ, 1891ರ ಸುಮಾರಿಗೆ, ರಮಾಬಾಯಿಯವರಿಗೆ ವೆಸ್ಲಿಯಂಥದೇ ಅನುಭವವಾಯಿತು. ಕಾರ್ನ್‌ವಾಲಿನ ವಿಲಿಯಂ ಹ್ಯಾಸ್ಲಂ ಎಂಬ ಪಾದ್ರಿ ತನ್ನದೇ ಪ್ರವಚನದ ನಡುವೆ ಎಚ್ಚರಗೊಂಡ ಕಥೆಯನ್ನು ಬರೆದಿದ್ದ. ಅದನ್ನು ಓದುತ್ತಾ, ತಾನು ಎಂಟು ವರ್ಷದಿಂದ ಕ್ರೈಸ್ತ ಧರ್ಮವನ್ನು ಹಿಡಿದುಕೊಂಡಿದ್ದೇನೆ, ಆದರೆ ಕ್ರಿಸ್ತನನ್ನು ಕಂಡಿಲ್ಲ ಎಂದು ಅವರಿಗೆ ಹೊಳೆಯಿತು. ಮತ ಬದಲಿಸುವುದು ಬೇರೆ, ಮನಸ್ಸು ಬದಲಾಗುವುದು ಬೇರೆ. ಮತಾಂತರದ ಲೆಕ್ಕ ಇಡುವ ಪರ ವಿರೋಧಿಗಳಿಬ್ಬರೂ ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹೀಗೆ ಎಚ್ಚರಗೊಂಡ ಮನುಷ್ಯ ಸುಮ್ಮನಿರಬಲ್ಲನೇ? ಒಪ್ಪಂದವೋ ಬಾಯಿ ಕಟ್ಟಿತ್ತು. ರಮಾಬಾಯಿ ಕಂಡುಕೊಂಡ ದಾರಿ ಇದು: ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದರು. ಯಾರನ್ನೂ ಕರೆಯುತ್ತಿರಲಿಲ್ಲ. ಬಂದವರನ್ನು ಕಳಿಸುತ್ತಲೂ ಇರಲಿಲ್ಲ. ಕ್ರಮೇಣ ಹಲವು ಹುಡುಗಿಯರು ಬಂದು ಕುಳಿತರು. 1893ರಲ್ಲಿ ಪುಣೆ ಸಿಡಿಯಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ಸಲಹಾ ಮಂಡಳಿಯವರು ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಕರೆದೊಯ್ದರು.

ಇಲ್ಲಿ ಯಾರದು ಸರಿ? ತೆರೆದ ಬಾಗಿಲಿನಲ್ಲಿ ಏನು ತಪ್ಪು ಎಂದು ಕೇಳುವುದು ಸುಲಭ. ತನ್ನ ಮನೆಯಲ್ಲಿ ತನ್ನ ದೇವರನ್ನು ಪ್ರಾರ್ಥಿಸಲು ಬಾಗಿಲು ಮುಚ್ಚಿಕೊಳ್ಳಬೇಕೆಂಬ ಕಟ್ಟಳೆಗೆ ನಾವಾದರೂ ಒಪ್ಪುತ್ತಿದ್ದೆವೇ? ಆದರೆ ಇನ್ನೊಂದು ಮುಖವೂ ಇದೆ. ಆ ಕೋಣೆಯಲ್ಲಿ ಕುಳಿತವರು ಬರೀ ನೆರೆಮನೆಯವರಲ್ಲ. ತಲೆ ಬೋಳಿಸಿಕೊಂಡು ಅತ್ತೆಮನೆಯ ಮೂಲೆಯಲ್ಲಿ ಸೊರಗುತ್ತಿದ್ದ ಹುಡುಗಿಗೆ ಅನ್ನ, ಅಕ್ಷರ, ಅಕ್ಕರೆ ಮೂರನ್ನೂ ಕೊಟ್ಟ ಕೈ ಅದು. ಅಂಥ ಕೈ ಕರೆಯದಿದ್ದರೂ ಮನಸ್ಸು ಆ ಕಡೆ ವಾಲುತ್ತದೆ. ತೆರೆದ ಬಾಗಿಲಿಗೂ ಒಂದು ಸೆಳೆತವಿದೆ ಎಂಬುದನ್ನು ಅಲ್ಲಗಳೆಯಲಾಗದು. ಈ ಸೆಳೆತ ಮೋಸವಲ್ಲ. ಆದರೆ ಅದು ಇಲ್ಲವೆಂದು ನಟಿಸುವುದು ಪ್ರಾಮಾಣಿಕತೆಯಲ್ಲ.

ಹಾಗಾದರೆ ಸ್ವಾತಂತ್ರ್ಯವಿತ್ತೆಂದು ತಿಳಿಯುವುದು ಹೇಗೆ? ನಮಗೆ ತೋಚುವ ಅಳತೆಗೋಲು ಒಂದೇ. ಕೇಳಿದವನು 'ಒಲ್ಲೆ' ಎಂದರೆ ಅವನು ಏನನ್ನಾದರೂ ಕಳೆದುಕೊಳ್ಳುತ್ತಾನೆಯೇ? ಅನ್ನ, ಸೂರು, ಶಾಲೆ, ಹೇಳಿದವರ ಪ್ರೀತಿ, ಇವುಗಳಲ್ಲಿ ಒಂದಾದರೂ ಕೈತಪ್ಪುವಂತಿದ್ದರೆ ಅದು ಹಂಚುವಿಕೆಯಲ್ಲ, ವ್ಯಾಪಾರ. ಸದನಕ್ಕೆ ಬಂದ ಮೊದಲ ವಿಧವೆ ಗೋದೂಬಾಯಿ ಅಲ್ಲೇ ಓದಿದರು, ರಮಾಬಾಯಿಯವರ ಅಕ್ಕರೆಯನ್ನು ಪಡೆದರು. ಆದರೆ ಕ್ರೈಸ್ತರಾಗಲಿಲ್ಲ. 1893ರಲ್ಲೇ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಎನಿಸಿದರು. ಆ ಮನೆಯಲ್ಲಿ 'ಒಲ್ಲೆ' ಎನ್ನಲು ಸಾಧ್ಯವಿತ್ತು ಎಂಬುದಕ್ಕೆ ಅವರ ಬದುಕೇ ಪುರಾವೆ.

ಮುಂದೆ ಪ್ರಶ್ನೆ ಇನ್ನೂ ತೊಡಕಾಯಿತು. 1896-97ರ ಭೀಕರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯದ ಹಳ್ಳಿಗಳಿಗೆ ಹೋಗಿ ಸಾವಿನ ದವಡೆಯಲ್ಲಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ 'ಮುಕ್ತಿ' ಸದನ ಬೆಳೆಯಿತು. ಹಳೆಯ ಒಪ್ಪಂದದ ಅವಧಿ ಮುಗಿದ ಮೇಲೆ ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಯಿತು. 1905ರ ಜೂನ್ ಕೊನೆಗೆ ಅಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಹುಡುಗಿಯರು ಅತ್ತು, ತಪ್ಪೊಪ್ಪಿಕೊಂಡು, ಗಟ್ಟಿಯಾಗಿ ಪ್ರಾರ್ಥಿಸಿದರು. ತಂಡತಂಡವಾಗಿ ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಹೇಳಲು ಹೋದರು. ಅವರ ಕಣ್ಣೀರು ಸುಳ್ಳೆನ್ನುವ ಹಕ್ಕು ನಮಗಿಲ್ಲ. ಆದರೆ ಹಸಿವಿನಿಂದ ಎತ್ತಿ ತಂದ ಹತ್ತು ವರ್ಷದ ಅನಾಥೆಗೆ, ತನ್ನನ್ನು ಉಳಿಸಿದವರ ನಂಬಿಕೆಯನ್ನು ನಿರಾಕರಿಸುವ ಶಕ್ತಿ ಎಷ್ಟಿರುತ್ತದೆ? ಆಕೆಗೆ ಹೋಗಲು ಬೇರೆ ಮನೆಯೇ ಇರಲಿಲ್ಲ. ರಮಾಬಾಯಿಯವರನ್ನು ಎಷ್ಟು ಗೌರವಿಸಿದರೂ ಈ ಪ್ರಶ್ನೆಯನ್ನು ಬದಿಗಿಡಲು ಆಗುವುದಿಲ್ಲ.

ಹಾಗೆಂದು ಆಕ್ಷೇಪಿಸಿದವರನ್ನೂ ಇದೇ ಕೋಲಿನಿಂದ ಅಳೆಯಬೇಕು. 1893ರಲ್ಲಿ ಕರೆದೊಯ್ದ ಹುಡುಗಿಯರನ್ನು ಕಾದಿದ್ದದ್ದು ಏನು? ಬಹುಪಾಲು, ಅವರು ಬಿಟ್ಟುಬಂದಿದ್ದ ಅದೇ ಕತ್ತಲ ಮೂಲೆ. ಅಲ್ಲಿ 'ಒಲ್ಲೆ' ಎನ್ನುವ ಸ್ವಾತಂತ್ರ್ಯ ಅವರಿಗಿತ್ತೇ? ಪೋಷಕರು, ಪತ್ರಿಕೆಗಳು, ಮಂಡಳಿಯವರು, ಮಿಷನರಿಗಳು ಎಲ್ಲರೂ ಆ ದಿನಗಳಲ್ಲಿ ಮಾತಾಡಿದರು. ಆ ಹುಡುಗಿಯ ಇಚ್ಛೆ ಯಾರ ತೀರ್ಮಾನಕ್ಕೂ ಆಧಾರವಾಗಲಿಲ್ಲ. ಕರ್ವೆಯವರು ಮಾತ್ರ ಬೇರೆ ದಾರಿ ಹಿಡಿದರು. 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಇನ್ನೊಂದು ಆಶ್ರಮ ಕಟ್ಟಿದರು. ಒಂದೇ ಸೂರಿರುವ ಊರಿನಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ; ಎರಡಾದಾಗ ಅರ್ಥ ಬರುತ್ತದೆ. ಇತರರ ಪ್ರಚಾರವನ್ನು ಖಂಡಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪಿನ ಕುರಿತು ಚರ್ಚೆ ಇಂದಿಗೂ ಇದೆ. ಆದರೆ ನ್ಯಾಯಾಲಯ ನೋಡಬಲ್ಲದ್ದು ಹೊರಗಿನ ಬಲಾತ್ಕಾರವನ್ನು, ಆಮಿಷವನ್ನು. ಅನ್ನ ಬಡಿಸುವವನ ಮನಸ್ಸಿನಲ್ಲಿರುವ ನಿರೀಕ್ಷೆಯನ್ನು ಯಾವ ಕಾನೂನೂ ಅಳೆಯಲಾರದು. ಅದನ್ನು ಅವನೇ ಅಳೆದುಕೊಳ್ಳಬೇಕು.

ಈ ಆತ್ಮಪರೀಕ್ಷೆ ಕ್ರೈಸ್ತರಿಗೆ ಮಾತ್ರ ಎಂದು ನಾವು ಭಾವಿಸಿದರೆ ತಪ್ಪಾಗುತ್ತದೆ. ತಾವು ಕಂಡ ಸತ್ಯವನ್ನು ಜನರಿಗೆ ತಲುಪಿಸಬೇಕೆಂದು ನಂಬುವ ಮುಸ್ಲಿಮರಿಗೂ, ಒಂದು ವಿಚಾರಧಾರೆಯನ್ನು ಹೊತ್ತು ತಿರುಗುವ ರಾಜಕೀಯ ಕಾರ್ಯಕರ್ತನಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಮಾತನ್ನು ವೇದಿಕೆಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮನೆಯೊಳಗೆ ಬರುವವರಿಗೆ ಬಾಗಿಲು ತೆರೆದಿರಬೇಕು ಎನ್ನುತ್ತೇವೆ. ನಮ್ಮದೇ ಮಗ ಅಥವಾ ಮಗಳು ಬೇರೆ ರೀತಿ ಯೋಚಿಸತೊಡಗಿದಾಗಲೂ ಆ ಮಾತು ನಮ್ಮ ನಾಲಿಗೆಯ ಮೇಲೆ ಉಳಿಯುತ್ತದೆಯೇ? ಒಂದೇ ದಿಕ್ಕಿಗೆ ತೆರೆಯುವ ಬಾಗಿಲನ್ನು ತೆರೆದ ಬಾಗಿಲು ಎನ್ನಲಾಗದು.

ರಮಾಬಾಯಿಯವರನ್ನು ಲಂಡನ್ನಿನಲ್ಲಿ ಮುಟ್ಟಿದ ಆ ಕಥೆಗೆ ಮರಳೋಣ. ನಡುಮಧ್ಯಾಹ್ನ ಒಬ್ಬಳೇ ಬಾವಿಗೆ ಬಂದ ಸಮಾರ್ಯದ ಸ್ತ್ರೀಯೊಡನೆ ಯೇಸು ಮಾತಾಡುತ್ತಾನೆ. ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ. ಬಂದು ನೋಡಿ ಎಂದಷ್ಟೇ ಜನರಿಗೆ ಹೇಳುತ್ತಾಳೆ. ಜನ ಬರುತ್ತಾರೆ, ಕೇಳುತ್ತಾರೆ. ಕೊನೆಗೆ ಆಕೆಗೆ ಹೇಳುತ್ತಾರೆ: ಈಗ ನಾವು ನಂಬುವುದು ನಿನ್ನ ಮಾತಿನಿಂದಲ್ಲ, ನಾವೇ ಕೇಳಿದ್ದರಿಂದ. ಆಕೆಗೆ ಇದರಿಂದ ಬೇಸರವಾಯಿತೆಂದು ಕಥೆ ಹೇಳುವುದಿಲ್ಲ. ತನ್ನ ಮಾತು ಇನ್ನು ಬೇಡವಾಯಿತು ಎಂಬಲ್ಲಿಗೆ ಸಾಕ್ಷಿಯ ಕೆಲಸ ಮುಗಿಯಿತು. ಊರಿನವರು ಹೇಳದೆಯೂ ಮನೆಗೆ ಮರಳಬಹುದಿತ್ತು. ಆಗಲೂ ಆ ಬಾವಿಯ ನೀರು ಎಲ್ಲರದೇ ಆಗಿರುತ್ತಿತ್ತು. ವಿಶ್ವಾಸವನ್ನು ಹಂಚಲು ಹೊರಡುವ ನಾವೆಲ್ಲರೂ ಮನೆಯಿಂದ ಕಾಲು ಹೊರಗಿಡುವ ಮುನ್ನ, ನಮ್ಮ ಮಾತು ಕೇಳದವರಿಗೂ ನೀರು ಸಿಗುವಂತಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.